ಮುಂಬಯಿಯಲ್ಲಿ ಕೆಲಸ ಹುಡುಕುವ ಕ್ರಮ: ಮೊದಲು ಯಾವ ಕೆಲಸವೆಂದು ಗೊತ್ತಾಗಲಿ

ಮುಂಬಯಿ ಕನ್ನಡಿಗರ ಯಾವ ಸಂಘದ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ನಮ್ಮ ಹುಡುಗನಿಗೆ ಎಲ್ಲಾದರೂ ಒಂದು ಕೆಲಸ ಇದ್ದರೆ ಹೇಳಿ.” ಕೇಳಿಸಿಕೊಂಡವರು “ಆಗಲಿ, ನೋಡೋಣ” ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅವರಿಗೆ ಸಹಾಯ ಮಾಡುವ ಮನಸ್ಸಿಲ್ಲವೆಂದು ತಿಳಿಯಬೇಕಾಗಿಲ್ಲ. ಹುಡುಗ ಏನು ಕಲಿತಿದ್ದಾನೆ, ಯಾವ ಕೆಲಸ ಮಾಡಬಲ್ಲ, ದಿನವೂ ಎಲ್ಲಿಯವರೆಗೆ ಹೋಗಿಬರಬಲ್ಲ, ಎಷ್ಟು ಸಂಬಳಕ್ಕೆ ಒಪ್ಪುತ್ತಾನೆ ಎಂಬ ಯಾವ ವಿವರವೂ ಇಲ್ಲದ ಕೋರಿಕೆಯನ್ನು ತಮ್ಮ ಕಚೇರಿಯಲ್ಲಿ ಯಾರ ಮುಂದೆ ಇಡಬೇಕೆಂಬುದೇ ಅವರಿಗೆ ತೋಚುವುದಿಲ್ಲ. ಅಂಧೇರಿಯ ಸಂಸ್ಥೆಯೊಂದರ ನೇಮಕಾತಿ ವಿಭಾಗದಲ್ಲಿದ್ದು, ಬಂದ ಅರ್ಜಿಗಳನ್ನು ದಿನವೂ ಓದುವ ನನಗೆ, ನಮ್ಮ ಮಕ್ಕಳಲ್ಲಿ ಯೋಗ್ಯತೆಯ ಕೊರತೆಗಿಂತ ಈ ಅಸ್ಪಷ್ಟತೆಯೇ ದೊಡ್ಡ ತೊಡಕಾಗಿ ಕಾಣುತ್ತದೆ. ಒಂದೊಂದು ಹುದ್ದೆಗೂ ರಾಶಿ ಅರ್ಜಿಗಳು ಬರುವ ಈ ಊರಿನಲ್ಲಿ “ಯಾವ ಕೆಲಸವಾದರೂ ಸರಿ” ಎಂದು ಬರೆದವರ ಅರ್ಜಿ ಯಾವ ವಿಭಾಗಕ್ಕೂ ಸೇರದೆ ಉಳಿದುಬಿಡುತ್ತದೆ. ಆದುದರಿಂದ ಕೋರಿಕೆಯನ್ನು ಖಚಿತಪಡಿಸಿಕೊಂಡು, ಆ ಖಚಿತತೆಯನ್ನು ಬಯೋಡೇಟಾದಿಂದ ಹಿಡಿದು ಸಂಬಳದ ಮಾತುಕತೆಯವರೆಗೆ ಕೈಬಿಡದೆ ಒಯ್ಯುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹುದ್ದೆ ಮತ್ತು ಜಾಗ

ಬಿಕಾಂ ಮುಗಿಸಿದವರು ಸಾಮಾನ್ಯವಾಗಿ “ಅಕೌಂಟ್ಸ್ ಲೈನಿನಲ್ಲಿ ಬೇಕು” ಎನ್ನುತ್ತಾರೆ. ಆದರೆ ಸರಬರಾಜುದಾರರ ಬಿಲ್ಲುಗಳನ್ನು ಪರಿಶೀಲಿಸಿ ಪಾವತಿಗೆ ಕಳಿಸುವ ಅಕೌಂಟ್ಸ್ ಪೇಯಬಲ್ ಒಂದು ಕೆಲಸವಾದರೆ, ತಿಂಗಳುತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ಇನ್ನೊಂದು, ಸಿಬ್ಬಂದಿಯ ಸಂಬಳದ ಲೆಕ್ಕ ನೋಡುವ ಪೇರೋಲ್ ಮತ್ತೊಂದು, ಶೇರು ದಲ್ಲಾಳಿ ಸಂಸ್ಥೆಯಲ್ಲಿ ವ್ಯವಹಾರಗಳ ದಾಖಲೆ ನೋಡಿಕೊಳ್ಳುವ ಬ್ಯಾಕ್ ಆಫೀಸು ಇವೆಲ್ಲಕ್ಕಿಂತ ಬೇರೆಯದು. ಒಂದೊಂದಕ್ಕೂ ಆಯ್ಕೆ ಮಾಡುವವರು ಬೇರೆ, ಅವರು ಕೇಳುವ ಪ್ರಶ್ನೆಗಳು ಬೇರೆ. ಆದ್ದರಿಂದ ಅರ್ಜಿ ಹಾಕುವುದಕ್ಕೆ ಮೊದಲು ಕೆಲವು ದಿನ ಬರೀ ಓದುವುದಕ್ಕೆ ಮೀಸಲಿಡಿ. ನೌಕರಿ ಡಾಟ್ ಕಾಮ್, ಲಿಂಕ್ಡ್‌ಇನ್, ಇಂಡೀಡ್, ಅಪ್ನಾ, ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ನ್ಯಾಶನಲ್ ಕೆರಿಯರ್ ಸರ್ವಿಸ್, ಮಹಾರಾಷ್ಟ್ರ ಸರಕಾರದ ಮಹಾಸ್ವಯಂ ಇವುಗಳಲ್ಲಿ ನಿಮಗೆ ಹೊಂದುವ ಒಂದೇ ಹುದ್ದೆಯ ಜಾಹೀರಾತುಗಳನ್ನು ತೆರೆದು, ಯಾವ ಬೇಡಿಕೆಗಳು ಮತ್ತೆಮತ್ತೆ ಬರುತ್ತವೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪೇರೋಲ್ ಹುದ್ದೆಯಾದರೆ ಎಕ್ಸೆಲ್‌ನ ವಿಲುಕಪ್ ಮತ್ತು ಪಿವಟ್ ಟೇಬಲ್, ಪಿಎಫ್ (ಭವಿಷ್ಯನಿಧಿ) ಹಾಗೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಚಲನ್, ವೃತ್ತಿ ತೆರಿಗೆ ಇವು ಬಹುತೇಕ ಎಲ್ಲ ಜಾಹೀರಾತುಗಳಲ್ಲೂ ಕಾಣಿಸುತ್ತವೆ. ಇವುಗಳಲ್ಲಿ ನಿಮಗೆ ಬರುವುದು ಯಾವುದು, ಒಂದು ತಿಂಗಳಲ್ಲಿ ಕಲಿಯಬಹುದಾದದ್ದು ಯಾವುದು ಎಂದು ಪ್ರಾಮಾಣಿಕವಾಗಿ ಗುರುತು ಹಾಕಿಕೊಂಡಾಗ ಆ ಹುದ್ದೆ ನಿಮಗೆ ಎಟುಕುತ್ತದೆಯೇ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮುಂಬಯಿ ಹಣಕಾಸಿನ ಊರು. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಮತ್ತು ಶೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಇವುಗಳ ಪ್ರಧಾನ ಕಚೇರಿಗಳು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿವೆ, ಇನ್ನೊಂದು ವಿನಿಮಯ ಕೇಂದ್ರ ಬಿಎಸ್‌ಇ ದಲಾಲ್ ಸ್ಟ್ರೀಟಿನಲ್ಲಿದೆ. ಇವುಗಳನ್ನು ಸುತ್ತುವರಿದು ದಲ್ಲಾಳಿ ಸಂಸ್ಥೆಗಳು, ಮ್ಯೂಚುವಲ್ ಫಂಡುಗಳು, ಹೂಡಿಕೆದಾರರ ದಾಖಲೆ ಇಡುವ ರಿಜಿಸ್ಟ್ರಾರ್ ಕಚೇರಿಗಳು ಹಬ್ಬಿಕೊಂಡಿವೆ. ಈ ಕ್ಷೇತ್ರಕ್ಕೆ ಹೋಗಬಯಸುವ ಪದವೀಧರರು ಸಾವಿರಾರು ರೂಪಾಯಿಯ ಖಾಸಗಿ ಕೋರ್ಸು ಸೇರುವ ಮೊದಲು, ಸೆಬಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಪ್ರಮಾಣಪತ್ರ ಪರೀಕ್ಷೆಗಳನ್ನು ನೋಡಬೇಕು. ಮ್ಯೂಚುವಲ್ ಫಂಡ್ ವಿತರಣೆಗೆ ಸೀರೀಸ್ 5-ಎ ಬೇಕು, ದಲ್ಲಾಳಿ ಸಂಸ್ಥೆಗಳ ಬ್ಯಾಕ್ ಆಫೀಸಿಗೆ ಸೀರೀಸ್ 7 ಹೊಂದುತ್ತದೆ. 5-ಎ ಪರೀಕ್ಷೆಯಲ್ಲಿ ಎರಡು ಗಂಟೆಯಲ್ಲಿ 100 ಪ್ರಶ್ನೆಗಳಿಗೆ ಉತ್ತರಿಸಬೇಕು, ತೇರ್ಗಡೆಗೆ ಶೇ. 50 ಅಂಕ ಸಾಕು, ಪ್ರಮಾಣಪತ್ರ ಮೂರು ವರ್ಷ ಊರ್ಜಿತವಾಗಿರುತ್ತದೆ. ಅನುಭವವಿಲ್ಲದ ಇಬ್ಬರ ಅರ್ಜಿಗಳು ಎದುರಿಗಿದ್ದಾಗ, ಕೇಳದೆಯೇ ಈ ಪರೀಕ್ಷೆ ಬರೆದು ಬಂದವರ ಅರ್ಜಿಯನ್ನು ನಾನು ಮೊದಲು ತೆರೆಯುತ್ತೇನೆ, ಏಕೆಂದರೆ ಆ ವ್ಯಕ್ತಿ ಈ ಕೆಲಸವನ್ನೇ ಬಯಸಿ ಬಂದಿದ್ದಾರೆ ಎಂಬುದಕ್ಕೆ ಅದೊಂದು ಸಾಕ್ಷಿ.

ಹುದ್ದೆಯಷ್ಟೇ ಮುಖ್ಯವಾದದ್ದು ಜಾಗ. ಮುಂಬಯಿಯಲ್ಲಿ ಫೋನಿನ ಮೊದಲ ಮಾತುಕತೆಯಲ್ಲೇ “ಯಾವ ಸ್ಟೇಶನ್‌ನಿಂದ ಬರುತ್ತೀರಿ?” ಎಂಬ ಪ್ರಶ್ನೆ ಬರುತ್ತದೆ. ವಿರಾರಿನಿಂದ ವಾಶಿಗೆ ಬರುತ್ತೇನೆ ಎಂದರೆ ಎದುರಿನವರಿಗೆ, ಇವರು ಮೂರೇ ತಿಂಗಳಲ್ಲಿ ಬಿಟ್ಟುಹೋಗಬಹುದೆಂಬ ಸಂಶಯ ಹುಟ್ಟುವುದು ಸಹಜ. ಡೊಂಬಿವಿಲಿ, ಕಲ್ಯಾಣದಲ್ಲಿರುವವರು ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಮಾರ್ಗದಲ್ಲಿ ಐರೋಲಿ, ರಬಾಳೆ, ಘನ್ಸೋಲಿಯ ಕಚೇರಿಗಳಿಗೆ ಹೋಗಬಹುದು. ಪಶ್ಚಿಮ ಮಾರ್ಗದವರಿಗೆ ಮಲಾಡ್, ಗೋರೆಗಾಂವ್, ಅಂಧೇರಿ ಸಹಜವಾದ ಆಯ್ಕೆ. ಘಾಟ್ಕೋಪರಿನಿಂದ ಅಂಧೇರಿ ಮಾರ್ಗವಾಗಿ ವರ್ಸೋವಾಕ್ಕೆ 2014ರಲ್ಲಿ ಮೆಟ್ರೊ ಬಂದ ಮೇಲೆ ಮಧ್ಯ ರೈಲ್ವೆಯವರಿಗೂ ಅಂಧೇರಿ ದೂರವಾಗಿ ಉಳಿದಿಲ್ಲ. ಪ್ರಯಾಣದ ಸಮಯವನ್ನು ಭಾನುವಾರದ ಖಾಲಿ ಗಾಡಿಯಲ್ಲಿ ಅಳೆಯದೆ, ವಾರದ ದಿನ ಬೆಳಗಿನ ಒಂಬತ್ತು ಗಂಟೆಯ ನೂಕುನುಗ್ಗಲಿನಲ್ಲಿ ಒಮ್ಮೆ ಹೋಗಿ ನೋಡಿ ನಿರ್ಧರಿಸಿ. ಒಂದು ಹುದ್ದೆ, ಎರಡು ರೈಲು ಮಾರ್ಗಗಳು ಎಂಬಷ್ಟು ಬಿಗಿಯಾಗಿ ಆರಂಭಿಸಿ, ಎರಡು ತಿಂಗಳಾದರೂ ಕರೆಗಳು ಬಾರದಿದ್ದರೆ ಮಾತ್ರ ವ್ಯಾಪ್ತಿಯನ್ನು ಹಿಗ್ಗಿಸುವುದು ಒಳ್ಳೆಯದು.

ಪುಣೆಯ ಲೆಕ್ಕ ಬೇರೆ. ಅಲ್ಲಿ ಸಾಫ್ಟ್‌ವೇರ್ ಹಿಂಜವಡಿ, ಖರಾಡಿ, ಮಗರಪಟ್ಟಾದ ಕಡೆಗಿದ್ದರೆ ಕಾರ್ಖಾನೆಗಳು ಚಾಕಣ, ತಳೆಗಾಂವ್, ರಾಂಜಣಗಾಂವ್ ಕಡೆಗಿವೆ. ವಿಜಯಪುರ, ಕಲಬುರಗಿ, ಬೆಳಗಾವಿಯಿಂದ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಬರುವವರು ನೇರವಾಗಿ ಗುತ್ತಿಗೆದಾರರ ಕೈಗೆ ಸೇರುವ ಮೊದಲು, ಅಪ್ರೆಂಟಿಸ್ ತರಬೇತಿಯ ಸರಕಾರಿ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. 1961ರ ಅಪ್ರೆಂಟಿಸ್ ಕಾಯಿದೆಯಡಿ ನಡೆಯುವ ಈ ತರಬೇತಿಗೆ ಭತ್ಯೆ ಸಿಗುತ್ತದೆ, ಮುಗಿದ ಮೇಲೆ ಪ್ರಮಾಣಪತ್ರವೂ ದೊರೆಯುತ್ತದೆ. ಅಪ್ರೆಂಟಿಸ್ ಮುಗಿಸಿದವರನ್ನೆಲ್ಲ ಕಾಯಂ ಮಾಡಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ಕೆಲಸಕ್ಕೆ ಕರೆ ಬಂದಾಗ “ಕಂಪನಿ ರೋಲ್ ಮೇಲೆಯೋ, ಕಾಂಟ್ರಾಕ್ಟ್ ಮೇಲೆಯೋ?” ಎಂದು ಕೇಳುವುದಕ್ಕೆ ಯಾವ ಸಂಕೋಚವೂ ಬೇಡ.

ಕನ್ನಡ ಬಲ್ಲವರಿಗೆ ಇರುವ ಅವಕಾಶ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಬಯೋಡೇಟಾದಲ್ಲಿ ಕನ್ನಡವನ್ನು ಕೊನೆಯ ಸಾಲಿನಲ್ಲಿ, ಅದೂ ಬರೆದರೆ ಬರೆದರು ಎಂಬಂತೆ ಬರೆಯುತ್ತಾರೆ. ನನಗೆ ಇದು ನಿಜವಾಗಿಯೂ ಬೇಸರ ತರುವ ಸಂಗತಿ. ಕರ್ನಾಟಕದ ಗ್ರಾಹಕರ ಕರೆಗಳಿಗೆ ಉತ್ತರಿಸುವ ವಿಮೆ, ಬ್ಯಾಂಕಿಂಗ್, ಸಾಲ ವಸೂಲಿ ವಿಭಾಗಗಳು ಈ ಊರಿನಲ್ಲಿಯೂ ಪುಣೆಯಲ್ಲಿಯೂ ಇವೆ. ಔಷಧ ಮತ್ತು ಗೃಹಬಳಕೆ ವಸ್ತುಗಳ ಕಂಪನಿಗಳ ಮುಖ್ಯ ಕಚೇರಿಗಳಲ್ಲಿ ಹುಬ್ಬಳ್ಳಿ, ಮಂಗಳೂರು, ದಾವಣಗೆರೆಯ ಡೀಲರುಗಳೊಡನೆ ದಿನವೂ ಮಾತನಾಡುವವರು ಬೇಕಾಗುತ್ತಾರೆ. ಜಾಹೀರಾತು ಸಂಸ್ಥೆಗಳಿಗೆ ಅನುವಾದಕರು ಬೇಕು, ಅಂಧೇರಿಯ ಸ್ಟುಡಿಯೋಗಳಲ್ಲಿ ಕನ್ನಡದ ಡಬ್ಬಿಂಗ್ ಮತ್ತು ಸಬ್‌ಟೈಟಲ್ ಕೆಲಸ ನಡೆಯುತ್ತದೆ. ಮರಾಠಿ, ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಕನ್ನಡವೂ ಬರುವ ವ್ಯಕ್ತಿ ಬೆಂಗಳೂರಿನಲ್ಲಿ ಸುಲಭವಾಗಿ ಸಿಗಬಹುದು, ಇಲ್ಲಿ ಹಾಗೆ ಸಿಗುವುದಿಲ್ಲ. ಮನೆಯಲ್ಲಿ ಮಾತನಾಡಿ ಗೊತ್ತಿದ್ದು ಓದಲು ಬಾರದವರು ಎರಡು ಮೂರು ತಿಂಗಳು ಶ್ರಮಪಟ್ಟು ಓದುವುದನ್ನು, ಮೊಬೈಲಿನಲ್ಲಾದರೂ ಟೈಪ್ ಮಾಡುವುದನ್ನು ಕಲಿಯಲಿ. ಬಯೋಡೇಟಾದಲ್ಲಿ ಬರೀ “ಕನ್ನಡ” ಎಂದು ಬರೆಯದೆ, ಮಾತನಾಡಲು, ಓದಲು, ಟೈಪ್ ಮಾಡಲು ಬರುತ್ತದೆ ಎಂದು ವಿವರವಾಗಿಯೇ ಬರೆಯಲಿ.

ಬಯೋಡೇಟಾ

ಬಹುಪಾಲು ದೊಡ್ಡ ಸಂಸ್ಥೆಗಳಲ್ಲಿ ಬಯೋಡೇಟಾವನ್ನು ಮೊದಲು ಓದುವುದು ಸಾಫ್ಟ್‌ವೇರ್. ಆಮೇಲೆ ಮನುಷ್ಯರು ಓದುವುದು ಕೆಲವೇ ಕ್ಷಣ. ಆದ್ದರಿಂದ ಬಣ್ಣದ ಚೌಕಟ್ಟು, ಎರಡು ಅಂಕಣ, ಚಿತ್ರಗಳು ಬೇಡ. ಒಂದೇ ಅಂಕಣದಲ್ಲಿ, ಅನುಭವ ಕಡಿಮೆಯಿದ್ದರೆ ಒಂದು ಪುಟದಲ್ಲಿ, ಪಿಡಿಎಫ್ ರೂಪದಲ್ಲಿ ಇರಲಿ; ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರನ್ನೇ ಇಡಿ. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ ಅನಾವಶ್ಯಕ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನಂತೂ ಎಂದಿಗೂ ಬರೆಯಬಾರದು, ಏಕೆಂದರೆ ಆ ಕಾಗದ ಯಾರಯಾರ ಕೈ ಸೇರುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿರುವುದಿಲ್ಲ.

ಮುಖ್ಯವಾದದ್ದು ಅನುಭವವನ್ನು ಬರೆಯುವ ರೀತಿ. “ಅಕೌಂಟ್ಸ್ ಕೆಲಸ ನೋಡಿಕೊಳ್ಳುತ್ತಿದ್ದೆ” ಎಂಬ ವಾಕ್ಯ ಏನನ್ನೂ ತಿಳಿಸುವುದಿಲ್ಲ. ಅದನ್ನೇ “ತಿಂಗಳಿಗೆ ಸುಮಾರು 400 ಖರೀದಿ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸಿ, ಜಿಎಸ್‌ಟಿ ಪೋರ್ಟಲಿನ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ವ್ಯತ್ಯಾಸ ಕಂಡ ಬಿಲ್ಲುಗಳನ್ನು ಸರಬರಾಜುದಾರರಿಂದ ತಿದ್ದಿಸಿಕೊಳ್ಳುತ್ತಿದ್ದೆ” ಎಂದು ಬರೆದರೆ, ಓದಿದವರಿಗೆ ನಿಮ್ಮ ಒಂದು ದಿನದ ಕೆಲಸ ಕಣ್ಣಿಗೆ ಕಟ್ಟುತ್ತದೆ. ಜಾಹೀರಾತುಗಳನ್ನು ಓದಿ ಬರೆದಿಟ್ಟುಕೊಂಡ ಶಬ್ದಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ನಿಮಗೆ ನಿಜವಾಗಿ ಗೊತ್ತಿರುವ ಕೆಲಸಗಳನ್ನು ಅವರು ಬಳಸುವ ಶಬ್ದಗಳಲ್ಲೇ ಬರೆಯಿರಿ.

ಹೊಟೇಲು ಕುಟುಂಬಗಳ ಮಕ್ಕಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಕಾಲೇಜಿನ ದಿನಗಳಲ್ಲಿ ಮಾವನ ಹೊಟೇಲಿನ ಗಲ್ಲಾದಲ್ಲಿ ಕೂತದ್ದನ್ನು ಇವರು ಹೇಳಿಕೊಳ್ಳುವುದೇ ಇಲ್ಲ. ದಿನದ ಕೊನೆಗೆ ನಗದು, ಯುಪಿಐ, ಕಾರ್ಡುಗಳ ಮೊತ್ತವನ್ನು ಬಿಲ್ಲುಗಳೊಡನೆ ತಾಳೆ ನೋಡುವುದು, ಸ್ವಿಗ್ಗಿ ಮತ್ತು ಝೊಮ್ಯಾಟೊಗಳಿಂದ ವಾರವಾರ ಬರುವ ಹಣದಲ್ಲಿ ಕಮಿಶನ್ ಎಷ್ಟು ಕಡಿತವಾಗಿದೆ ಎಂದು ಪರಿಶೀಲಿಸುವುದು, ಹಾಲು-ತರಕಾರಿಯವರ ಬಾಕಿಯನ್ನು ಚುಕ್ತಾ ಮಾಡುವುದು, ಸಿಟ್ಟಾದ ಗಿರಾಕಿಯನ್ನು ಸಮಾಧಾನಪಡಿಸುವುದು ಇವೆಲ್ಲವೂ ಕಚೇರಿಗಳು ಸಂಬಳ ಕೊಟ್ಟು ಮಾಡಿಸುವ ಕೆಲಸಗಳೇ. ಹಗಲು ಹೊಟೇಲಿನಲ್ಲಿ ದುಡಿದು, ಸಂಜೆ ಫೋರ್ಟಿನ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ಬ್ಯಾಂಕು ಕಂಪನಿಗಳಲ್ಲಿ ದೊಡ್ಡ ಹುದ್ದೆಗೇರಿದ ಹಿಂದಿನ ತಲೆಮಾರಿನವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ಆ ದುಡಿಮೆಯನ್ನು ಮರೆಮಾಚುವ ಅಗತ್ಯವೇ ಇಲ್ಲ.

ಇಲ್ಲದ ಅನುಭವವನ್ನು ಮಾತ್ರ ಸೇರಿಸಬೇಡಿ. ಪಿಎಫ್ ಖಾತೆಯ ಯುಎಎನ್ ಸಂಖ್ಯೆಯಡಿ ನೀವು ಯಾವ ಸಂಸ್ಥೆಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬ ದಾಖಲೆ ಇರುತ್ತದೆ, ನೇಮಕದ ಹೊತ್ತಿಗೆ ಅದನ್ನು ತಾಳೆ ನೋಡುವ ಸಂಸ್ಥೆಗಳು ಬಹಳ. ತಾಯಿಯ ಕಾಯಿಲೆಗೋ ಪರೀಕ್ಷೆಯ ತಯಾರಿಗೋ ಕೆಲಸ ಬಿಟ್ಟು ಮನೆಯಲ್ಲಿದ್ದರೆ ಅದನ್ನು ಒಂದು ಸಾಲಿನಲ್ಲಿ ನೇರವಾಗಿ ಬರೆಯಿರಿ. ಖಾಲಿ ವರ್ಷಕ್ಕಿಂತ ಸುಳ್ಳು ತಿಂಗಳುಗಳೇ ಹೆಚ್ಚು ಹಾನಿ ಮಾಡುತ್ತವೆ.

ಪೋರ್ಟಲ್‌ಗಳಲ್ಲಿ ನಿಮ್ಮ ಪ್ರೊಫೈಲನ್ನು ವಾರಕ್ಕೊಮ್ಮೆಯಾದರೂ ತೆರೆದು ಏನಾದರೊಂದನ್ನು ಪರಿಷ್ಕರಿಸಿ, ಏಕೆಂದರೆ ನಾವು ಹುಡುಕುವಾಗ ಇತ್ತೀಚೆಗೆ ಸಕ್ರಿಯರಾಗಿದ್ದವರನ್ನೇ ಮೊದಲು ಸೋಸಿ ನೋಡುತ್ತೇವೆ. ಜಾಹೀರಾತು ಬಂದ ಒಂದೆರಡು ದಿನದೊಳಗೇ ಅರ್ಜಿ ಹಾಕುವುದರಿಂದ ನಿಜವಾಗಿಯೂ ಪ್ರಯೋಜನವಿದೆ.

ಜನರನ್ನು ಕೇಳುವ ಬಗೆ

ಪೋರ್ಟಲ್ ಮೂಲಕ ಬಂದ ಅರ್ಜಿಗೂ ಒಳಗಿನ ಉದ್ಯೋಗಿಯೊಬ್ಬರು ಕಳಿಸಿದ ಅರ್ಜಿಗೂ ಸಿಗುವ ಗಮನದಲ್ಲಿ ಬಹಳ ಅಂತರವಿದೆ. ಈ ವಿಷಯದಲ್ಲಿ ಮುಂಬಯಿ ಕನ್ನಡಿಗರು ಭಾಗ್ಯವಂತರು. ಮಾಟುಂಗಾದ ಮೈಸೂರು ಅಸೋಸಿಯೇಶನ್ ಮತ್ತು ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಅಸೋಸಿಯೇಶನ್, ಪುಣೆಯ ಕನ್ನಡ ಸಂಘ, ಇವಲ್ಲದೆ ಉಪನಗರಗಳಲ್ಲಿರುವ ಭಜನಾ ಮಂಡಳಿಗಳು, ಯಕ್ಷಗಾನ ತಂಡಗಳು ಎಲ್ಲ ಸೇರಿದರೆ ಈ ಊರಿನ ಬಹುತೇಕ ಎಲ್ಲ ದೊಡ್ಡ ಕಚೇರಿಗಳಲ್ಲೂ ನಮ್ಮವರೊಬ್ಬರು ಇದ್ದೇ ಇರುತ್ತಾರೆ. ಆದರೆ ವಾರ್ಷಿಕೋತ್ಸವದ ಗದ್ದಲದಲ್ಲಿ ವೇದಿಕೆಯ ಮೇಲಿರುವ ಗಣ್ಯರ ಕೈಗೆ ಬಯೋಡೇಟಾ ತುರುಕುವುದರಿಂದ ಏನೂ ಆಗುವುದಿಲ್ಲ. ಸಾಮಾನ್ಯ ದಿನದ ಸಂಜೆ ಹೋಗಿ, ಸಮಿತಿಯ ಒಬ್ಬರನ್ನು ಕಂಡು, “ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ನಮ್ಮ ಸದಸ್ಯರಲ್ಲಿ ಯಾರಿದ್ದಾರೆ?” ಎಂದು ಕೇಳಿ. ಅಧ್ಯಕ್ಷರಿಗಿಂತ, ನಿಮಗಿಂತ ಮೂರು ನಾಲ್ಕು ವರ್ಷ ದೊಡ್ಡವರಾಗಿ ಅದೇ ಕೆಲಸದಲ್ಲಿರುವ ಅಣ್ಣನೋ ಅಕ್ಕನೋ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ತಂಡದಲ್ಲಿ ಯಾರು ಬಿಡುತ್ತಿದ್ದಾರೆ ಎಂಬುದು ಜಾಹೀರಾತಿಗಿಂತ ಮೊದಲು ಗೊತ್ತಾಗುವುದು ಅವರಿಗೇ.

ಪರಿಚಯ ಸಿಕ್ಕ ಮೇಲೆ ಕಳಿಸುವ ಸಂದೇಶ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ:

“ನಮಸ್ಕಾರ ಮಾಮ. ಮುಲುಂಡಿನ ಭಜನಾ ಮಂಡಳಿಯಲ್ಲಿ ನಿಮ್ಮ ಜೊತೆ ತಬಲಾ ನುಡಿಸುವವರ ಮಗ ನಾನು. ಎರಡು ವರ್ಷ ಅಕೌಂಟ್ಸ್ ಪೇಯಬಲ್ ಕೆಲಸ ಮಾಡಿದ್ದೇನೆ, ಟ್ಯಾಲಿ ಮತ್ತು ಎಕ್ಸೆಲ್ ಚೆನ್ನಾಗಿ ಬರುತ್ತದೆ. ನಿಮ್ಮ ಕಂಪನಿಯ ಐರೋಲಿ ಆಫೀಸಿನಲ್ಲಿ ಈ ಹುದ್ದೆ ಖಾಲಿ ಇದೆಯೆಂದು ವೆಬ್‌ಸೈಟಿನಲ್ಲಿ ನೋಡಿದೆ, ಇನ್ನೂ ಅರ್ಜಿ ಹಾಕಿಲ್ಲ. ಆ ವಿಭಾಗದಲ್ಲಿ ಕೆಲಸ ಹೇಗಿರುತ್ತದೆ ಎಂದು ತಿಳಿದುಕೊಳ್ಳಬೇಕಿತ್ತು. ನಿಮಗೆ ಬಿಡುವಿರುವಾಗ ಹತ್ತು ನಿಮಿಷ ಫೋನ್ ಮಾಡಬಹುದೇ? ಬಯೋಡೇಟಾ ಜೊತೆಗಿದೆ. ನೋಡಿ ಸರಿ ಅನ್ನಿಸಿದರೆ ಮಾತ್ರ ಮುಂದೆ ಕಳಿಸಿ.”

ಈ ಸಂದೇಶದಲ್ಲಿ ಪರಿಚಯವಿದೆ, ಹುದ್ದೆಯಿದೆ, ಜಾಗವಿದೆ; ಕೇಳಿದ್ದು ಹತ್ತು ನಿಮಿಷದ ಮಾತು, ಜೊತೆಗೆ ಇಲ್ಲವೆನ್ನಲು ಅವರಿಗೆ ದಾರಿಯನ್ನೂ ಬಿಟ್ಟಿದೆ. “ಇನ್ನೂ ಅರ್ಜಿ ಹಾಕಿಲ್ಲ” ಎಂಬ ಮಾತಿಗೆ ಒಂದು ಕಾರಣವಿದೆ. ಅನೇಕ ಸಂಸ್ಥೆಗಳಲ್ಲಿ ಉದ್ಯೋಗಿಗಳು ತಮ್ಮ ಪರಿಚಯದವರನ್ನು ಶಿಫಾರಸು ಮಾಡುವ ರೆಫರಲ್ ವ್ಯವಸ್ಥೆ ಇರುತ್ತದೆ, ಆಯ್ಕೆಯಾದರೆ ಶಿಫಾರಸು ಮಾಡಿದವರಿಗೆ ಬಹುಮಾನದ ಹಣವೂ ಸಿಗುತ್ತದೆ. ನೀವು ಮೊದಲೇ ಸ್ವತಃ ಅರ್ಜಿ ಹಾಕಿಬಿಟ್ಟಿದ್ದರೆ ಆ ಶಿಫಾರಸನ್ನು ವ್ಯವಸ್ಥೆ ಒಪ್ಪದಿರುವುದುಂಟು. ಆದುದರಿಂದ ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡ ಮೇಲೆಯೇ ಅರ್ಜಿಯ ಗುಂಡಿ ಒತ್ತಿ. ಉತ್ತರ ಬಾರದಿದ್ದರೆ ಒಂದು ವಾರದ ಮೇಲೆ ಒಮ್ಮೆ ನೆನಪಿಸಿ, ಇನ್ನೆರಡು ವಾರ ಬಿಟ್ಟು ಮತ್ತೊಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ತಂದೆತಾಯಿಯರು ಬೇರೆ ಫೋನ್ ಮಾಡಿ ಒತ್ತಾಯಿಸುವುದನ್ನು ದಯವಿಟ್ಟು ತಪ್ಪಿಸಿ. ಅದರಿಂದ ಶಿಫಾರಸು ಮಾಡಬೇಕೆಂದಿದ್ದವರೂ ಹಿಂಜರಿಯುತ್ತಾರೆ.

ಸರಕಾರಿ ಬ್ಯಾಂಕು ಮತ್ತು ಇತರ ಸರಕಾರಿ ಹುದ್ದೆಗಳಲ್ಲಿ ಪರಿಚಯ ನಡೆಯುವುದಿಲ್ಲ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ, ಕಾರ್ಪೊರೇಶನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಡನೆ ವಿಲೀನವಾದವು. ಅಲ್ಲಿ ದುಡಿದ ಹಿರಿಯರನ್ನು ಕಂಡು ಈಗಲೂ ಕೆಲಸ ಕೊಡಿಸಿ ಎಂದು ಕೇಳುವವರಿದ್ದಾರೆ. ಆ ಹಿರಿಯರಿಂದ ಬ್ಯಾಂಕಿಂಗ್ ಕಲಿಯಬಹುದು, ಆಯ್ಕೆಯಾಗುವುದು ಮಾತ್ರ ಈ ಬ್ಯಾಂಕುಗಳ ನೇಮಕಾತಿ ಸಂಸ್ಥೆಯಾದ ಐಬಿಪಿಎಸ್ ನಡೆಸುವ ಪರೀಕ್ಷೆಯಿಂದಲೇ. ಗುಮಾಸ್ತ ಹುದ್ದೆಗೆ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬೇಕು, ಆ ರಾಜ್ಯದ ಭಾಷೆ ಗೊತ್ತಿರಬೇಕು. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆಯನ್ನು ಓದಿದ ದಾಖಲೆಯಿದ್ದರೆ ಭಾಷಾ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಮರಾಠಿ, ಕನ್ನಡ ಎರಡೂ ಬರುವವರು ಎರಡೂ ರಾಜ್ಯಗಳ ಖಾಲಿ ಹುದ್ದೆಗಳ ಸಂಖ್ಯೆಯನ್ನು ಹೋಲಿಸಿ ನೋಡಿ ಆಯ್ಕೆ ಮಾಡಬಹುದು. ಮಹಾರಾಷ್ಟ್ರ ಸರಕಾರದ ಹುದ್ದೆಗಳನ್ನು ಬಯಸುವವರಿಗೆ ಮರಾಠಿ ಬೇಕು, ಡೊಮಿಸೈಲ್ ಪ್ರಮಾಣಪತ್ರಕ್ಕೆ 15 ವರ್ಷಗಳ ವಾಸದ ಪುರಾವೆ ಬೇಕು. ಅದನ್ನು ಕೊನೆಯ ಗಳಿಗೆಗೆ ಬಿಡದೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕರೆ ಮತ್ತು ಸಂದರ್ಶನ

ಮೊದಲ ಕರೆ ಹೆಚ್ಚಾಗಿ ನೀವು ಲೋಕಲ್ ಗಾಡಿಯಲ್ಲಿ ತೂಗಾಡುತ್ತಿರುವಾಗಲೇ ಬರುತ್ತದೆ. ಆ ಸದ್ದಿನಲ್ಲಿ ಅರ್ಧಂಬರ್ಧ ಉತ್ತರಿಸುವ ಬದಲು, “ರೈಲಿನಲ್ಲಿದ್ದೇನೆ, ನಲವತ್ತು ನಿಮಿಷದಲ್ಲಿ ನಾನೇ ಕರೆ ಮಾಡಲೇ?” ಎಂದು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಈಗಿನ ಸಂಬಳ, ನಿರೀಕ್ಷಿಸುವ ಸಂಬಳ, ನೋಟಿಸ್ ಅವಧಿ ಎಷ್ಟು ದಿನ, ಯಾವ ಸ್ಟೇಶನ್‌ನಿಂದ ಬರುತ್ತೀರಿ ಎಂಬ ನಾಲ್ಕು ಉತ್ತರಗಳನ್ನು ಸದಾ ಸಿದ್ಧವಾಗಿಟ್ಟುಕೊಂಡಿರಿ. ಸಂದರ್ಶನದ ಜಾಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಾದರೆ, ಸ್ಟೇಶನ್ ಹೊರಗಿನ ಶೇರ್ ರಿಕ್ಷಾದ ಸಾಲಿಗೂ ಕಟ್ಟಡದ ಬಾಗಿಲಲ್ಲಿ ಪಾಸು ಮಾಡಿಸುವುದಕ್ಕೂ ಸೇರಿಸಿ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಗಾಡಿ ನಿಂತುಹೋದರೆ ಕಾಯುತ್ತ ಕೂರದೆ ಕೂಡಲೇ ಫೋನ್ ಮಾಡಿ ತಿಳಿಸಿ.

ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರುತ್ತಾರೆ. ಉಚ್ಚಾರಣೆಯನ್ನು ನಾವು ಅಷ್ಟಾಗಿ ಅಳೆಯುವುದಿಲ್ಲ, ಕೆಲಸವನ್ನು ಕ್ರಮವಾಗಿ ವಿವರಿಸಬಲ್ಲರೇ ಎಂದು ನೋಡುತ್ತೇವೆ. ಹಿಂದೆ ಮಾಡಿದ ಕೆಲಸದಲ್ಲಿ ಎದುರಾದ ಒಂದು ತೊಡಕು, ಅದನ್ನು ಬಿಡಿಸಿದ ರೀತಿ, ಕೊನೆಗೆ ಆದದ್ದು ಇಷ್ಟನ್ನು ಎರಡು ನಿಮಿಷದಲ್ಲಿ ಸರಳ ವಾಕ್ಯಗಳಲ್ಲಿ ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ, ಮತ್ತೆ ಹೇಳಿ. ಇಂತಹ ಮೂರು ಪ್ರಸಂಗಗಳು ಬಾಯಿಗೆ ಬಂದರೆ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಅವೇ ಉತ್ತರವಾಗುತ್ತವೆ. ಅಕೌಂಟ್ಸ್ ಮತ್ತು ಆಪರೇಶನ್ಸ್ ಹುದ್ದೆಗಳಿಗೆ ಎಕ್ಸೆಲ್‌ನಲ್ಲಿ ಸಣ್ಣ ಪರೀಕ್ಷೆ ಕೊಡುವುದು ವಾಡಿಕೆ, ಅದಕ್ಕೆ ಕೈ ಪಳಗಿರಲಿ. “ನಿಮ್ಮ ಪ್ರಶ್ನೆ ಏನಾದರೂ ಇದೆಯೇ?” ಎಂದಾಗ ಈ ಹುದ್ದೆ ಏಕೆ ಖಾಲಿಯಾಯಿತು, ಮೊದಲ ಮೂರು ತಿಂಗಳಲ್ಲಿ ಏನನ್ನು ನಿರೀಕ್ಷಿಸುತ್ತೀರಿ, ಶನಿವಾರಗಳು ಹೇಗೆ ಎಂದು ಕೇಳಿ.

ಸಂದರ್ಶನ ಚೆನ್ನಾಗಿ ಆಗಿಯೂ ಉತ್ತರ ಬಾರದಿರುವುದು ಈ ದಿನಗಳಲ್ಲಿ ಬಹಳ ಸಾಮಾನ್ಯ. ಬಜೆಟ್ ನಿಂತಿರಬಹುದು, ಒಳಗಿನವರನ್ನೇ ವರ್ಗಾಯಿಸಿಕೊಂಡಿರಬಹುದು. ಆ ಮೌನವನ್ನು ನಿಮ್ಮ ಯೋಗ್ಯತೆಯ ತೀರ್ಪೆಂದು ತೆಗೆದುಕೊಳ್ಳಬೇಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಒಂದು ಇಮೇಲ್ ಕಳಿಸಿ ಮುಂದಿನ ಅರ್ಜಿಯ ಕಡೆಗೆ ನಡೆಯಿರಿ.

ಹಣ ಕೇಳುವವರು

ಕೆಲಸ ಕೊಡುವುದಕ್ಕೆ ಮೊದಲು ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಸಮವಸ್ತ್ರ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಅದು ಮೋಸವೆಂದೇ ತಿಳಿಯಿರಿ. ಟೆಲಿಗ್ರಾಂನಲ್ಲಿ ವಿಡಿಯೊಗಳಿಗೆ ಲೈಕ್ ಒತ್ತಿಸಿ, ಮೊದಲು ಅಲ್ಪಸ್ವಲ್ಪ ಹಣ ಹಾಕಿ ನಂಬಿಸಿ, ಆಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವವರಿಗೆ ಓದಿದವರೂ ಬಲಿಯಾಗಿದ್ದಾರೆ. ಆಫರ್ ಪತ್ರ ಬಂದ ಇಮೇಲ್ ವಿಳಾಸ ಕಂಪನಿಯದೇ ಡೊಮೇನೇ ಎಂದು ನೋಡಿ, ವೆಬ್‌ಸೈಟಿನಲ್ಲಿರುವ ದೂರವಾಣಿಗೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಹೋಗಿ ತಡೆಯುವುದು ಕಷ್ಟವಾಗುತ್ತದೆ. ಕೊಲ್ಲಿ ದೇಶಗಳಿಗೆ ಹೋಗುವವರು ಏಜೆಂಟರ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿದೆಯೇ ಎಂದು ನೋಡಬೇಕು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ.

ಸಂಬಳದ ಲೆಕ್ಕ

ಆಫರ್ ಬಂದಾಗ ಸಿಟಿಸಿ ಎಂಬ, ನಿಮಗಾಗಿ ಸಂಸ್ಥೆ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಮೊತ್ತವನ್ನು 12ರಿಂದ ಭಾಗಿಸಿ ಅದೇ ಕೈಗೆ ಬರುತ್ತದೆಂದು ನಂಬಿ ಬಾಡಿಗೆ ಮನೆ ಗೊತ್ತುಮಾಡಿಕೊಂಡವರು ಕಷ್ಟಕ್ಕೆ ಸಿಲುಕುತ್ತಾರೆ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಸಿಟಿಸಿ ವರ್ಷಕ್ಕೆ 6,00,000 ರೂಪಾಯಿ, ಮೂಲ ವೇತನ ಅದರ ಅರ್ಧ, ಎಂದರೆ ತಿಂಗಳಿಗೆ 25,000 ಎಂದಿಟ್ಟುಕೊಳ್ಳಿ. ಇದರಲ್ಲಿ 60,000 ರೂಪಾಯಿ ಕೆಲಸದ ಮೌಲ್ಯಮಾಪನವನ್ನು ಅವಲಂಬಿಸಿ ವರ್ಷಾಂತ್ಯದಲ್ಲಿ ಬರುವ ವೇರಿಯಬಲ್; ಬಂದರೂ ಬರಬಹುದು, ಪೂರ್ತಿ ಬಾರದೆಯೂ ಇರಬಹುದು. ಸಂಸ್ಥೆ ತನ್ನ ಪಾಲಿನದಾಗಿ ಪಿಎಫ್‌ಗೆ ಕಟ್ಟುವ, ಮೂಲ ವೇತನದ ಶೇ. 12 ಎಂದರೆ 36,000. ಗ್ರಾಚ್ಯುಟಿ ಎಂದು ತೋರಿಸುವ, ಮೂಲ ವೇತನದ ಶೇ. 4.81 ಎಂದರೆ 14,430. ಇದು ಸಾಮಾನ್ಯವಾಗಿ ಐದು ವರ್ಷ ಪೂರೈಸಿದವರಿಗೆ ಸಿಗುವ ಹಣ. ಆರೋಗ್ಯ ವಿಮೆಯ ಕಂತು 6,000 ಎಂದುಕೊಳ್ಳೋಣ. ಇವಿಷ್ಟನ್ನು ಕಳೆದರೆ ಉಳಿಯುವುದು 4,83,570, ಎಂದರೆ ತಿಂಗಳಿಗೆ ಸುಮಾರು 40,300. ಅದರಿಂದ ನಿಮ್ಮ ಪಾಲಿನ ಪಿಎಫ್ 3,000 ಮತ್ತು ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗಿ ಖಾತೆಗೆ ಬೀಳುವುದು ಸುಮಾರು 37,100 ರೂಪಾಯಿ. ವೃತ್ತಿ ತೆರಿಗೆ ಫೆಬ್ರವರಿಯಲ್ಲಿ 300 ಆಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಐವತ್ತು ಸಾವಿರವೆಂದು ಭಾವಿಸಿದ್ದಲ್ಲಿ ಕೈಗೆ ಬಂದದ್ದು ಮೂವತ್ತೇಳು ಸಾವಿರ. ಪಿಎಫ್‌ನಲ್ಲಿ ಇರುವುದು ನಿಮ್ಮ ಹಣವೇ ಆದರೂ ಬಾಡಿಗೆಗೆ ಅದು ಒದಗುವುದಿಲ್ಲ.

ಆದುದರಿಂದ ಒಪ್ಪಿಗೆ ಕೊಡುವ ಮೊದಲು ಸಂಬಳದ ವಿಂಗಡಣೆಯನ್ನು ಬರಹದಲ್ಲಿ ಕೇಳಿ. ಹೆಚ್ಚು ಕೇಳುವುದಾದರೆ “ಇನ್ನೂ ಸ್ವಲ್ಪ ಜಾಸ್ತಿ ಮಾಡಿ” ಎನ್ನದೆ, ಅದೇ ಹುದ್ದೆಗೆ ಬೇರೆ ಜಾಹೀರಾತುಗಳಲ್ಲಿ ಕಂಡ ಮೊತ್ತವನ್ನೂ ನಿಮ್ಮ ಪ್ರಮಾಣಪತ್ರ ಅಥವಾ ಅನುಭವವನ್ನೂ ಮುಂದಿಟ್ಟು ಒಂದು ನಿರ್ದಿಷ್ಟ ಸಂಖ್ಯೆಯನ್ನು ಹೇಳಿ, ಒಮ್ಮೆ ಮಾತ್ರ ಹೇಳಿ. ವೇರಿಯಬಲ್ ಕಡಿಮೆ ಮಾಡಿ ಆ ಹಣವನ್ನು ನಿಶ್ಚಿತ ವೇತನಕ್ಕೆ ಸೇರಿಸುವಂತೆ ಕೇಳುವುದು ಅನೇಕ ಸಲ ಸುಲಭವಾಗಿ ಒಪ್ಪಿಗೆಯಾಗುತ್ತದೆ.

ಸೇರುವ ಮೊದಲು, ಸೇರಿದ ಮೇಲೆ

ಕೈಯಲ್ಲಿ ಬರಹದ ಆಫರ್ ಇಲ್ಲದೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ 30, 60 ಅಥವಾ 90 ದಿನಗಳಿರಬಹುದು. ಅದನ್ನು ಪೂರೈಸಿ, ಇಲ್ಲವೇ ಒಪ್ಪಂದದಂತೆ ಹಣ ಕೊಟ್ಟು ಬಿಡಿಸಿಕೊಂಡು, ಕೆಲಸದಿಂದ ಬಿಡುಗಡೆಯಾದ ರಿಲೀವಿಂಗ್ ಪತ್ರವನ್ನು ಪಡೆದೇ ಹೊರಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯಗೊಳಿಸಿವೆ. ಆದ್ದರಿಂದ ಹೊಸ ಸಂಸ್ಥೆ ಅದನ್ನು ಮುಂದೂಡುತ್ತ ಹೋದರೆ ವಿನಯದಿಂದಲೇ ಆದರೂ ಕೇಳುತ್ತಲೇ ಇರಿ. ಹಳೆಯ ಯುಎಎನ್ ಸಂಖ್ಯೆಯನ್ನೇ ಹೊಸ ಸಂಸ್ಥೆಗೆ ಕೊಡಿ, ಇನ್ನೊಂದನ್ನು ಮಾಡಿಸಬೇಡಿ. ಎರಡನೆಯ ತಿಂಗಳು, ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒ ಪಾಸ್‌ಬುಕ್ ತೆರೆದು, ಸಂಬಳದಿಂದ ಕಡಿತವಾದ ಹಣವೂ ಸಂಸ್ಥೆಯ ಪಾಲೂ ಜಮೆಯಾಗಿವೆಯೇ ಎಂದು ಸ್ವತಃ ನೋಡಿ. ಜಮೆಯಾಗದಿದ್ದರೆ ಮೊದಲು ಸಂಬಳ ವಿಭಾಗಕ್ಕೆ ಇಮೇಲ್ ಬರೆಯಿರಿ, ಅಲ್ಲಿ ಉತ್ತರ ಸಿಗದಿದ್ದರೆ ಇಪಿಎಫ್‌ಒ ದೂರು ಪೋರ್ಟಲಿನಲ್ಲಿ ದಾಖಲಿಸಿ.

ಕೆಲಸ ಸಿಕ್ಕ ವಾರದಲ್ಲೇ, ಹುಡುಕಾಟದಲ್ಲಿ ಹತ್ತು ನಿಮಿಷ ಮಾತನಾಡಿದವರಿಗೆಲ್ಲ, ಅವರಿಂದ ಕೆಲಸ ಆಗದಿದ್ದರೂ, ಎಲ್ಲಿ ಯಾವ ಹುದ್ದೆಗೆ ಸೇರಿದಿರಿ ಎಂದು ಒಂದು ಸಂದೇಶ ಕಳಿಸಿ, ಇನ್ನೂ ತೆರೆದಿರುವ ಪೋರ್ಟಲ್ ಪ್ರೊಫೈಲುಗಳಲ್ಲಿ ಈಗಿನ ಹುದ್ದೆಯನ್ನು ಬದಲಾಯಿಸಿಬಿಡಿ.